ಕೈಯಲ್ಲಿ 86, ತಲೆಯಲ್ಲಿ 42

ಮಗು ಹುಟ್ಟಿದ ತಕ್ಷಣ ಬಲಗೈಗೆ ಪಲ್ಸ್ ಆಕ್ಸಿಮೀಟರ್ ಕಟ್ಟುವುದು ನಮಗೆ ರೂಢಿ. ಹಣೆಗೂ ಒಂದು ಸೆನ್ಸರ್ ಅಂಟಿಸಿ ಮೆದುಳಿನ ಆಕ್ಸಿಜನ್ ನೋಡಲು ಶುರು ಮಾಡಿದ್ದು ಆಮೇಲೆ. ನಾನು ಮೈಸೂರಿನಲ್ಲಿ ಮಕ್ಕಳ ಡಾಕ್ಟರು. ಮಂಡ್ಯ ಕಡೆಯ ಒಬ್ಬ ಅಜ್ಜಿ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಗಾಜಿನಾಚೆ ನಿಂತು, "ಹಣೆ ಮೇಲೆ ಅದೇನ್ ಡಾಕ್ಟ್ರೇ, ದೃಷ್ಟಿಬೊಟ್ಟು ಇಟ್ಟಂಗೆ?" ಅಂದಿದ್ದರು. ಜಾಗ ಹೆಚ್ಚೂಕಡಿಮೆ ಅದೇ.

ಸೆನ್ಸರ್ ಚರ್ಮದೊಳಕ್ಕೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಡುತ್ತದೆ. ಎಷ್ಟು ವಾಪಸ್ ಬಂತು ಅನ್ನುವುದರ ಮೇಲೆ ಲೆಕ್ಕ. ಎರಡೂ ಕಡೆಯ ಸಂಖ್ಯೆ ಶೇಕಡಾದಲ್ಲಿ. ಕೈಯಲ್ಲಿ ಕಾಣುವುದು ಅಪಧಮನಿಯ, ಅಂದರೆ ಹೃದಯದಿಂದ ಹೊರಟ ರಕ್ತದ ಆಕ್ಸಿಜನ್. ಹಣೆಯಲ್ಲಿ ಕಾಣುವುದು ಬಹುಪಾಲು ಅಭಿಧಮನಿಯದ್ದು, ಅಂದರೆ ಮೆದುಳು ಬಳಸಿಕೊಂಡ ಮೇಲೆ ಉಳಿದದ್ದು. ಹಾಗಾಗಿ ಅದು ಯಾವಾಗಲೂ ಕಡಿಮೆಯೇ.

ಮೊದಮೊದಲು ಆ ಸಂಖ್ಯೆ ನೋಡಿ ಕೈಕಾಲು ತಣ್ಣಗಾಗುತ್ತಿತ್ತು. ಆಸ್ಟ್ರಿಯಾದ ಗ್ರಾಜ್ ನಗರದ ಸಂಶೋಧಕರು 2013ರಲ್ಲಿ ಕೊಟ್ಟ ಲೆಕ್ಕ ಓದಿದ ಮೇಲೆ ಸಮಾಧಾನ. ಏನೂ ಸಹಾಯ ಬೇಕಾಗದ ಮಕ್ಕಳಲ್ಲೂ ಹುಟ್ಟಿದ ಎರಡನೇ ನಿಮಿಷಕ್ಕೆ ಹಣೆಯ ಸಂಖ್ಯೆಯ ಮಧ್ಯದ ಮೌಲ್ಯ 41, ಐದಕ್ಕೆ 68, ಹತ್ತಕ್ಕೆ 79. ನಿಮಿಷ ನೋಡದೆ ಸಂಖ್ಯೆ ಮಾತ್ರ ನೋಡಿದರೆ ಸುಮ್ನೆ ಗಾಬರಿ, ಅಲ್ವಾ?

ಅಂಟಿಸುವುದೇ ದೊಡ್ಡ ಕೆಲಸ. ಮಗುವಿನ ಮೈಮೇಲೆ ಬೆಣ್ಣೆ ಮೆತ್ತಿದಂತೆ ಬಿಳಿ ಪದರ ಇರುತ್ತದೆ, ಸೆನ್ಸರ್ ಜಾರುತ್ತದೆ. ಒರೆಸಿ, ಕೂದಲಿಲ್ಲದ ಕಡೆ ಇಡಬೇಕು. ತಿಂಗಳು ತುಂಬದ ಮಗುವಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಒಮ್ಮೆ ಅಂಟು ಕೀಳುವಾಗ ಚರ್ಮವೇ ಸುಲಿಯಿತು. ತಪ್ಪು ನನ್ನದೇ. ಈಗ ಅಂಟನ್ನು ನಂಬದೆ ಮೇಲೆ ಟೋಪಿ ಹಾಕಿ ಹಿಡಿದಿಡುತ್ತೇನೆ. ಹೊರಗಿನ ಬೆಳಕೂ ತಡೆದಂತಾಗುತ್ತದೆ. ಇಷ್ಟಕ್ಕೆ ಬೇರೆಯೇ ಒಬ್ಬರು ಬೇಕು. ಉಸಿರು ಕೊಡುವವರ ಕೈ ಇದಕ್ಕೆ ಬರಬಾರದು.

ಮೂವತ್ತು ವಾರಕ್ಕೇ ಹುಟ್ಟಿದ ಒಂದು ಮಗು ನೆನಪಿದೆ. ಅಳಲಿಲ್ಲ. ಮಾಸ್ಕ್ ಇಟ್ಟು ಟಿ-ಪೀಸ್‌ನಿಂದ, ಅಂದರೆ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ತೆರೆದು ಗಾಳಿ ಕೊಡುವ ಸಾಧನದಿಂದ, ಉಸಿರು ಕೊಡುತ್ತಿದ್ದೆವು. ಎಂಟನೇ ನಿಮಿಷಕ್ಕೆ ಕೈಯಲ್ಲಿ 86, ಹೃದಯ ಬಡಿತ 140. ಎಲ್ಲ ಸರಿ. ತಲೆಯಲ್ಲಿ ಮಾತ್ರ 42, ಏರುತ್ತಲೇ ಇಲ್ಲ. ಸೆನ್ಸರ್ ಜಾರಿದೆಯೇನೋ ಅಂತ ಸಿಸ್ಟರ್ ಒತ್ತಿ ನೋಡಿದರು. ಇಲ್ಲ. ಕತ್ತು ಒಂದು ಕಡೆ ವಾಲಿತ್ತು, ನೇರ ಮಾಡಿದೆವು. ಆಮೇಲೆ ಎದೆ ನೋಡಿದೆ. ಪ್ರತಿ ಉಸಿರಿಗೂ ಅಗತ್ಯಕ್ಕಿಂತ ಜಾಸ್ತಿ ಏಳುತ್ತಿತ್ತು. ಅವಸರದಲ್ಲಿ ಹೆಬ್ಬೆರಳೂ ಬೇಗಬೇಗ ಆಡುತ್ತಿತ್ತು. ಹಾಗೆ ಕೊಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ತೀರಾ ಇಳಿಯುತ್ತದೆ, ಮೆದುಳಿನ ರಕ್ತನಾಳ ಬಿಗಿಯುತ್ತದೆ. ಕೈಯ ಪ್ರೋಬ್‌ಗೆ ಇದರ ಸುಳಿವೇ ಇರುವುದಿಲ್ಲ. ಕೊಡುವ ಗಾಳಿಯ ಒತ್ತಡ 25ರಿಂದ 20ಕ್ಕೆ ಇಳಿಸಿ ನಿಧಾನ ಮಾಡಿದೆವು. ನಾಲ್ಕು ನಿಮಿಷದಲ್ಲಿ ತಲೆಯ ಸಂಖ್ಯೆ 64. ಕತ್ತು ನೇರವಾಗಿದ್ದಕ್ಕೋ, ಒತ್ತಡ ಇಳಿದಿದ್ದಕ್ಕೋ? ನನ್ನ ಓಟು ಎರಡನೆಯದಕ್ಕೆ.

ಇದರಿಂದ ಎಲ್ಲ ಮಕ್ಕಳೂ ಉಳಿಯುತ್ತವೆ ಅಂತ ಹೇಳುವ ಹಾಗಿಲ್ಲ. 2023ರಲ್ಲಿ ಬಂದ ಕಾಸ್‌ಗಾಡ್ ಅಧ್ಯಯನದಲ್ಲಿ 607 ಮಕ್ಕಳಿದ್ದರು, ಎಲ್ಲರೂ 32 ವಾರ ತುಂಬುವ ಮೊದಲೇ ಹುಟ್ಟಿದವರು. ಮೆದುಳಿಗೆ ಪೆಟ್ಟಿಲ್ಲದೆ ಬದುಕಿದವರು ಸೆನ್ಸರ್ ನೋಡಿಕೊಂಡು ಆರೈಕೆ ಮಾಡಿದ ಗುಂಪಿನಲ್ಲಿ ಶೇ. 82.9, ಇನ್ನೊಂದರಲ್ಲಿ ಶೇ. 78.5. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಸೆನ್ಸರ್ ದುಬಾರಿ ಬೇರೆ. ಬೆಚ್ಚಗಿನ ವಾರ್ಮರ್, ಸರಿಯಾಗಿ ಕೂರುವ ಮಾಸ್ಕ್ ಇಲ್ಲದ ಲೇಬರ್ ರೂಮಿನವರು ಕೇಳಿದರೆ ಮೊದಲು ಅವನ್ನೇ ಕೊಳ್ಳಿ ಅನ್ನುತ್ತೇನೆ.