ಸಂಜೆಗೆ ಕಟ್ಟಿಗೆ, ಬೆಳಗಿಗೆ ಸ್ಪಿರಿಟ್

ಸೈಕಲ್ ಮೇಲೆ ಉತ್ತರ ಕರ್ನಾಟಕದ ಬಯಲು, ಅರೆಮಲೆನಾಡಿನ ಊರುಗಳನ್ನು ಸುತ್ತುವುದು ನನ್ನ ಬಹುಕಾಲದ ಹವ್ಯಾಸ. ರಾತ್ರಿ ಯಾರದಾದರೂ ಕಣದಲ್ಲೋ ತೋಟದ ಅಂಚಿನಲ್ಲೋ ಕೇಳಿಕೊಂಡು ಡೇರೆ ಹಾಕುತ್ತೇನೆ, ಅಲ್ಲೇ ಅಡುಗೆ ಮಾಡಿಕೊಳ್ಳುತ್ತೇನೆ. ಅದಕ್ಕಾಗಿ ಎರಡು ಒಲೆಗಳನ್ನು ಒಯ್ಯುತ್ತೇನೆ. ಒಂದು ಡಬ್ಬಿಯೊಳಗೆ ಡಬ್ಬಿ ಕೂರಿಸಿದ ಕಟ್ಟಿಗೆ ಒಲೆ. ಇನ್ನೊಂದು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಮಾಡಿದ ಸ್ಪಿರಿಟ್ ಒಲೆ. ಎರಡೂ ಸೇರಿದರೆ ಕಾಲು ಕಿಲೋ ಆಸುಪಾಸು. ಚಿಕ್ಕದು ದೊಡ್ಡದರ ಹೊಟ್ಟೆಯಲ್ಲೇ ಕೂರುತ್ತದೆ.

ಗ್ಯಾಸ್ ಏಕಿಲ್ಲ ಎಂದು ಹಲವರು ಕೇಳುತ್ತಾರೆ. ಚಾರಣಿಗರ ಸಣ್ಣ ಗ್ಯಾಸ್ ಡಬ್ಬಿ ದೊಡ್ಡ ನಗರದ ಕೆಲವೇ ಅಂಗಡಿಗಳಲ್ಲಿ ಸಿಗುತ್ತದೆ. ಹಾವೇರಿಯ ಆಚೆ ಅದು ಮುಗಿದರೆ ಮುಂದಿನ ದಿನಗಳಿಗೆ ದಾರಿಯಿಲ್ಲ. ಹೊಲದ ಬದುವಿನ ಮೇಲೆ ಮಾತ್ರ ಉರುವಲು ಬೇಕಾದಷ್ಟು ಬಿದ್ದಿರುತ್ತದೆ. ಹಾಗಾದರೆ ಕಟ್ಟಿಗೆ ಒಲೆಯೊಂದೇ ಸಾಲದೇ? ಸಂಜೆಗೆ ಸಾಕು, ಬೆಳಗಿಗೆ ಸಾಲದು. ಸಂಜೆ ನನಗೆ ಪುರಸೊತ್ತಿರುತ್ತದೆ, ಕಟ್ಟಿಗೆ ಒಣಗಿರುತ್ತದೆ, ಬೇಯಿಸಬೇಕಾದದ್ದೂ ಹೆಚ್ಚು. ಬೆಳಗಿನ ಜಾವ ಇಬ್ಬನಿಗೆ ಪುಳ್ಳೆಯೆಲ್ಲ ತೊಯ್ದಿರುತ್ತದೆ, ಬಿಸಿಲೇರುವ ಮುನ್ನ ಹೊರಡುವ ಅವಸರ, ಬೇಕಾದದ್ದು ಒಂದು ಲೋಟ ಚಹಾ ಮತ್ತು ಒಂದು ಬಟ್ಟಲು ಉಪ್ಪಿಟ್ಟು. ಅಷ್ಟಕ್ಕೆ ಹೊಗೆ, ಬೂದಿ, ಮಸಿಯ ಗೊಡವೆ ಬೇಡ. ಈ ಹಂಚಿಕೆ ರೂಢಿಯಾದ ಮೇಲೆ ನನ್ನ ಹೊರೆಯೂ ಇಳಿಯಿತು, ಊಟವೂ ಸುಧಾರಿಸಿತು.

ಕಟ್ಟಿಗೆ ಒಲೆಗೆ ನಾನು ಬಳಸಿದ್ದು ರಸಗುಲ್ಲಾ ಡಬ್ಬಿ ಮತ್ತು ಹಾಲಿನಪುಡಿ ಡಬ್ಬಿ. ರಸಗುಲ್ಲಾ ಡಬ್ಬಿ ಸುಮಾರು 10 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಹಾಲಿನಪುಡಿಯದು ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ ಹೆಚ್ಚು. ದೊಡ್ಡ ಡಬ್ಬಿಯನ್ನು ಬೋರಲು ಹಾಕಿ, ಮೇಲೆ ಬಂದ ಅದರ ತಳದಲ್ಲಿ ಚಿಕ್ಕದು ಬಿಗಿಯಾಗಿ ಇಳಿಯುವಷ್ಟು ವೃತ್ತ ಕತ್ತರಿಸಬೇಕು. ಚಿಕ್ಕದರ ಬಾಯಂಚು ಆ ವೃತ್ತಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ, ಬೆಸುಗೆ ಬೇಡ. ಒಳಡಬ್ಬಿಯ ತಳಕ್ಕೆ ಜಾಲರಿಯಂತೆ ಆರು ಮಿಲಿಮೀಟರಿನ ತೂತುಗಳು. ಅದರ ಬಾಯಂಚಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗೆ ಸುತ್ತಲೂ ಅದೇ ಗಾತ್ರದ ಒಂದು ಸಾಲು, ಇಪ್ಪತ್ತರ ಸುಮಾರು. ಹೊರಡಬ್ಬಿಯ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತುಗಳು. ಒಳಡಬ್ಬಿಯ ತಳ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಇರಲೇಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ಪಾತ್ರೆಗೆ ಆನಿಕೆ ಹಳೆಯ ಸೈಕಲ್ ಚಕ್ರದ ಕಡ್ಡಿಗಳನ್ನು ಬಾಗಿಸಿ ಮಾಡಿದ್ದು. ಒಲೆಯ ಬಾಯಿಗೂ ಪಾತ್ರೆಗೂ ನಡುವೆ ಮೂರು ನಾಲ್ಕು ಸೆಂಟಿಮೀಟರ್ ಬಿಡುತ್ತೇನೆ. ಡಬ್ಬಿಯ ಒಳಮೈಗೆ ಬಳಿದ ಬಣ್ಣ ಸುಟ್ಟುಹೋಗುವವರೆಗೆ ಮೊದಲ ಸಲ ಬಯಲಿನಲ್ಲಿ ಬರೀ ಬೆಂಕಿ ಹಾಕಬೇಕು. ಸತುವಿನ ಲೇಪವಿರುವ ತಗಡು ಈ ಕೆಲಸಕ್ಕೆ ಕೂಡದು, ಕಾದಾಗ ಅದರಿಂದ ಏಳುವ ಹೊಗೆ ವಿಷ.

ಈ ಒಲೆಯ ಸೊಗಸಿರುವುದು ಅದನ್ನು ಹಚ್ಚುವ ಬಗೆಯಲ್ಲಿ. ನಮ್ಮ ರೂಢಿಯಂತೆ ಬುಡಕ್ಕೆ ಬೆಂಕಿ ಕೊಡಬಾರದು. ಬೆರಳುದ್ದದ ತುಂಡುಗಳನ್ನು ಮೇಲಿನ ತೂತುಗಳ ಸಾಲಿಗಿಂತ ಸ್ವಲ್ಪ ಕೆಳಗಿನವರೆಗೆ ತುಂಬಿ, ನೆತ್ತಿಯ ಮೇಲೆ ಪುಳ್ಳೆ ಹರಡಿ, ಒಂದು ಬಿಲ್ಲೆ ಕರ್ಪೂರವಿಟ್ಟು ಹಚ್ಚಬೇಕು. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತದೆ. ಕೆಳಗಿನಿಂದ ಬರುವ ಅಲ್ಪ ಗಾಳಿಗೆ ಕಟ್ಟಿಗೆ ಪೂರ್ತಿ ಉರಿಯಲಾರದು, ಬೆಂದು ಹೊಗೆಯಾಡುತ್ತದೆ. ಆ ಹೊಗೆಯೇ ನಿಜವಾದ ಇಂಧನ. ಎರಡು ಡಬ್ಬಿಗಳ ನಡುವಿನ ಸಂದಿಯಲ್ಲಿ ಬಿಸಿಯೇರುತ್ತ ಹತ್ತಿದ ಗಾಳಿ ಮೇಲಿನ ತೂತುಗಳಿಂದ ಒಳನುಗ್ಗಿದಾಗ ಹೊಗೆ ಅಲ್ಲಿ ಹೊತ್ತಿಕೊಳ್ಳುತ್ತದೆ. ಹೊತ್ತಿಸಿದ ಎರಡು ಮೂರು ನಿಮಿಷಕ್ಕೆ ಹೊಗೆ ತಟ್ಟನೆ ನಿಂತು, ಪ್ರತಿ ತೂತಿನ ಮುಂದೆಯೂ ಗ್ಯಾಸ್ ಒಲೆಯ ಬರ್ನರಿನಂತೆ ನಾಲಗೆ ಚಾಚುವುದನ್ನು ಎಷ್ಟು ಸಲ ನೋಡಿದರೂ ನನಗೆ ಹಿಗ್ಗು.

ಮೇಲಿನಿಂದ ಹಚ್ಚುವ ಈ ವಿಧಾನವನ್ನು 1985ರ ಸುಮಾರಿಗೆ ರೂಪಿಸಿದವರು ಅಮೆರಿಕದ ಥಾಮಸ್ ರೀಡ್. ಒಲೆಗೆ ಎಷ್ಟು ಗಾಳಿ, ಎಲ್ಲಿಂದ ಗಾಳಿ ಎಂಬ ಚಿಂತನೆ ನಮ್ಮಲ್ಲೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಹಳ್ಳಿಮನೆಗಳ ಹೊಗೆ ಕಡಿಮೆ ಮಾಡಿತು. ಅದೇ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಕಟ್ಟಿಗೆಯನ್ನು ಅನಿಲವಾಗಿಸಿ ಉರಿಸುವ ಒಲೆಗಳ ಮೇಲೆ ವರ್ಷಗಟ್ಟಲೆ ದುಡಿದರು. ನನ್ನ ರಸಗುಲ್ಲಾ ಡಬ್ಬಿಗೂ ಆ ದುಡಿಮೆಗೂ ನಂಟಿದೆ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಉರುವಲು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ, ಒಲೆಯ ಸ್ವಭಾವವೂ ಅದರೊಂದಿಗೆ ಬದಲಾಗುತ್ತದೆ. ಹಾವೇರಿ, ದಾವಣಗೆರೆ ಕಡೆ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ರಾಶಿರಾಶಿ. ಅದು ಹಗುರ, ಭುಗ್ಗನೆ ಉರಿದು ಬೇಗ ಮುಗಿಯುತ್ತದೆ. ಪಾತ್ರೆಯ ಪಕ್ಕವೇ ಕೂತು ತುಂಬುತ್ತಿರಬೇಕು. ಕಲಬುರಗಿಯ ತೊಗರಿ ಕಟ್ಟಿಗೆ ನನಗೆ ಎಲ್ಲಕ್ಕಿಂತ ಪ್ರಿಯ. ಪೆನ್ಸಿಲ್ ದಪ್ಪ, ಕೈಯಲ್ಲೇ ಲಟಕ್ಕನೆ ಮುರಿಯುತ್ತದೆ, ಒಂದೇ ಹದದಲ್ಲಿ ಉರಿಯುತ್ತದೆ. ಸುಗ್ಗಿ ಮುಗಿದ ಜನವರಿಯ ನಂತರ ಆ ಸೀಮೆಯಲ್ಲಿ ಉರುವಲಿಗಾಗಿ ಐದು ಹೆಜ್ಜೆ ನಡೆದದ್ದಿಲ್ಲ. ಬಳ್ಳಾರಿ ಜಾಲಿಯ ಕಾವು ಗಟ್ಟಿ, ಬಹಳ ಹೊತ್ತು ಬಾಳುತ್ತದೆ. ಮುಳ್ಳು ಟಯರಿಗೆ ಚುಚ್ಚದಂತೆ ಸೈಕಲ್ಲನ್ನು ದೂರ ನಿಲ್ಲಿಸಿಯೇ ಆಯುತ್ತೇನೆ. ತಿಪಟೂರು ಕಡೆ ತೆಂಗಿನ ಚಿಪ್ಪು. ಒಡೆದು ತುಂಬಿದರೆ ಒಂದು ಡಬ್ಬಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಭಾರಿ ಕಾವು ಕೊಡುತ್ತದೆ, ಡಬ್ಬಿಯ ಗೋಡೆ ಕೆಂಪಗಾಗುತ್ತದೆ, ಹಾಗಾಗಿ ಡಬ್ಬಿ ಬೇಗ ಸವೆಯುತ್ತದೆ. ಅಲ್ಲಿ ಚಿಪ್ಪಿಗೂ ಬೆಲೆಯಿದೆ, ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಯಜಮಾನರನ್ನು ಕೇಳದೆ ಒಂದು ಚೂರನ್ನೂ ಎತ್ತಿಕೊಳ್ಳುವುದಿಲ್ಲ. ಎರಡನ್ನು ಮಾತ್ರ ಯಾವ ಕಾರಣಕ್ಕೂ ಒಲೆಗೆ ಹಾಕುವುದಿಲ್ಲ: ಕಣಗಿಲೆ ಕಡ್ಡಿ ಮತ್ತು ಗೇರುಬೀಜದ ಸಿಪ್ಪೆ. ಕಣಗಿಲೆಯ ಹೊಗೆ ವಿಷ. ಗೇರುಸಿಪ್ಪೆಯ ಎಣ್ಣೆ ಚರ್ಮ, ಕಣ್ಣು, ಗಂಟಲು ಎಲ್ಲವನ್ನೂ ಸುಡುತ್ತದೆ.

ಒಂದು ಲೀಟರ್ ನೀರು ಕುದಿಸಲು ಒಣಕಟ್ಟಿಗೆ ನೂರು ಗ್ರಾಮಿನಷ್ಟು ಸಾಕು, ಸಮಯ ಹತ್ತು ನಿಮಿಷದ ಆಸುಪಾಸು. ಬಯಲಿನಲ್ಲಿ ಮೂರು ಕಲ್ಲಿಟ್ಟು ಇದೇ ಕೆಲಸ ಮಾಡಿದರೆ ಇದಕ್ಕಿಂತ ಹೆಚ್ಚು ಕಟ್ಟಿಗೆ ಸುಡಬೇಕು, ನೆಲವೂ ಕರಕಲಾಗುತ್ತದೆ. ಸಂಜೆಯ ಅಡುಗೆ ನನ್ನದು ಹೆಚ್ಚಾಗಿ ಹೆಸರುಬೇಳೆ ಹುಗ್ಗಿ. ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯಲು ಒಂದು ಹೊರೆ ಕಟ್ಟಿಗೆ ಬೇಡುತ್ತದೆ, ಕುಚಲಕ್ಕಿಯ ಮಾತೂ ಹಾಗೆಯೇ. ಮಧ್ಯಾಹ್ನ ಎಲ್ಲಾದರೂ ನಿಂತಾಗಲೇ ಹೆಸರುಬೇಳೆಯನ್ನು ಅಗಲ ಬಾಯಿಯ ಬಾಟಲಿಯಲ್ಲಿ ನೆನೆಹಾಕಿ ಸೈಕಲ್ಲಿಗೆ ಕಟ್ಟಿಬಿಡುತ್ತೇನೆ. ಅಕ್ಕಿಯೊಂದಿಗೆ ಅದು ಒಂದು ಡಬ್ಬಿ ಉರಿಯಲ್ಲೇ ಮುಕ್ಕಾಲು ಬೇಯುತ್ತದೆ. ಉಳಿದದ್ದಕ್ಕೆ ಪಾತ್ರೆಯನ್ನು ಮುಚ್ಚಳ ಸಮೇತ ದಪ್ಪ ಟವೆಲಿನಲ್ಲಿ ಸುತ್ತಿ ಕಾಲು ಗಂಟೆ ಇಟ್ಟರಾಯಿತು. ಉರಿ ಆರಿದ ಮೇಲೆ ಉಳಿಯುವ ಕೆಂಡದ ಮೇಲೆ ಹಪ್ಪಳ ಸುಡುತ್ತೇನೆ, ಊರಿನಲ್ಲಿ ಕೊಂಡ ಕಡಕ್ ಜೋಳದ ರೊಟ್ಟಿ ಬೆಚ್ಚಗೆ ಮಾಡುತ್ತೇನೆ. ಶೇಂಗಾ ಚಟ್ನಿಪುಡಿ ಇದ್ದರೆ ಆ ಊಟಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಆ ಕೆಂಡವನ್ನು ಚಳಿಗೆಂದು ಡೇರೆಯೊಳಗೆ ಮಾತ್ರ ಒಯ್ಯಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ.

ಮಸಿಗೆ ನಮ್ಮ ಹಿರಿಯರ ಉಪಾಯವೇ ಮದ್ದು. ಒಲೆಗೇರಿಸುವ ಮುನ್ನ ಪಾತ್ರೆಯ ಹೊರತಳಕ್ಕೆ ಮಣ್ಣು, ಬೂದಿ ಕಲಸಿ ತೆಳ್ಳಗೆ ಬಳಿದರೆ ಮಸಿ ಆ ಲೇಪಕ್ಕೆ ಹತ್ತುತ್ತದೆ, ನೀರು ಸೋಕಿಸಿದರೆ ಲೇಪದೊಂದಿಗೇ ಹೋಗುತ್ತದೆ. ಸೋಪೂ ಬೇಡ, ಉಜ್ಜುವುದೂ ಬೇಡ.

ಇನ್ನು ಸ್ಪಿರಿಟ್ ಒಲೆ. ಸ್ವೀಡನ್ನಿನ ಟ್ರಾಂಜಿಯಾ ಕಂಪನಿ 1951ರಿಂದ ಈ ಬಗೆಯ ಒಲೆಗಳನ್ನು ಗಾಳಿಮರೆ ಸಮೇತ ಮಾರುತ್ತ ಬಂದಿದೆ. ಅದರ ಹಿತ್ತಾಳೆ ಬರ್ನರ್ ನೂರು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ, ಬಹುಕಾಲ ಬಾಳುತ್ತದೆ. ನಾನು ಮಾಡಿಕೊಂಡದ್ದು ಅದರದೇ ತತ್ವದ್ದು: ಎರಡು ಪಾನೀಯ ಡಬ್ಬಿಗಳ ತಳಗಳನ್ನು ಮೂರು ಮೂರು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ನಡುವೆ ತಗಡಿನ ಒಂದು ಸುರುಳಿಗೋಡೆ ನಿಲ್ಲಿಸಿ, ಒಂದರೊಳಗೊಂದು ಒತ್ತಿ, ಮೇಲಂಚಿಗೆ ದಬ್ಬಳದಿಂದ ಸುತ್ತಲೂ ಸಣ್ಣ ತೂತು. ನಡುಗುಣಿಗೆ ಸ್ಪಿರಿಟ್ ಸುರಿದು ಹಚ್ಚಿದರೆ ಅರ್ಧ ನಿಮಿಷದಲ್ಲಿ ಗೋಡೆ ಕಾದು, ಒಳಗಿನ ಸ್ಪಿರಿಟ್ ಆವಿಯಾಗಿ ಅಂಚಿನ ತೂತುಗಳಿಂದ ಉರಿಯತೊಡಗುತ್ತದೆ. ಇದನ್ನು ಕಟ್ಟಿಗೆ ಒಲೆಯೊಳಗೇ ಒಂದು ಚಪ್ಪಟೆ ಕಲ್ಲಿನ ಮೇಲೆ ಎತ್ತರಿಸಿ ಇಡುತ್ತೇನೆ. ಹೊರಡಬ್ಬಿಯೇ ಗಾಳಿಮರೆ, ಕಡ್ಡಿಗಳೇ ಆನಿಕೆ. ಗಾಳಿಮರೆ ಇಲ್ಲದಿದ್ದರೆ ಬಯಲುಸೀಮೆಯ ಗಾಳಿಗೆ ಸ್ಪಿರಿಟ್ ಒಲೆ ಕೆಲಸಕ್ಕೇ ಬರುವುದಿಲ್ಲ.

ಎಷ್ಟು ಸ್ಪಿರಿಟ್ ಬೇಕು ಎಂಬ ಲೆಕ್ಕ ಸರಳ. ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥನಾಲಿನ ಒಂದು ಕಿಲೋದಲ್ಲಿ ಸುಮಾರು 27 ಮೆಗಾಜೂಲ್ ಶಕ್ತಿಯಿದೆ, ಅಡುಗೆ ಅನಿಲದಲ್ಲಿ 46ರ ಹತ್ತಿರ. ಅಂದರೆ ದೀರ್ಘ ಪ್ರಯಾಣಕ್ಕೆ, ದೊಡ್ಡ ಗುಂಪಿಗೆ ಸ್ಪಿರಿಟ್ ಹೊರುವುದು ನಷ್ಟ. ಆದರೆ ಅರ್ಧ ಲೀಟರ್ ನೀರು ಕುದಿಸಲು ನನಗೆ 20 ಮಿಲಿಲೀಟರ್ ಸಾಕಾಗುತ್ತದೆ. ಒಬ್ಬನ ಬೆಳಗಿನ ಚಹಾ, ಉಪ್ಪಿಟ್ಟಿಗೆ 25 ಎಂದಿಟ್ಟುಕೊಂಡರೂ 200 ಮಿಲಿಲೀಟರಿನ ಬಾಟಲಿ ಒಂದು ವಾರ ದಾಟಿಸುತ್ತದೆ. ಉಪ್ಪಿಟ್ಟಿನ ರವೆಯನ್ನು ಮನೆಯಲ್ಲೇ ತುಪ್ಪ, ಸಾಸಿವೆ, ಒಣಮೆಣಸಿನಕಾಯಿ, ಉಪ್ಪಿನೊಂದಿಗೆ ಘಮ್ಮೆನ್ನುವಂತೆ ಹುರಿದು ಪೊಟ್ಟಣ ಕಟ್ಟಿರುತ್ತೇನೆ. ಕುದಿನೀರು ಸುರಿದು, ಕದಡಿ, ಮುಚ್ಚಿಟ್ಟರೆ ಮುಗಿಯಿತು. ಇಂಧನವನ್ನು ಔಷಧಿ ಅಳೆಯುವ ಮುಚ್ಚಳದಿಂದ ಅಳೆದೇ ಹಾಕುತ್ತೇನೆ. ಈ ಒಲೆಗೆ ಕಿವಿ ತಿರುಗಿಸಿ ಆರಿಸುವ ವ್ಯವಸ್ಥೆಯಿಲ್ಲ, ಹಾಕಿದಷ್ಟು ಉರಿದು ತಾನೇ ನಿಲ್ಲಬೇಕು.

ಅಪಾಯವಿರುವುದೂ ಇಲ್ಲಿಯೇ. ಹಗಲು ಬೆಳಕಿನಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಎಂದುಕೊಂಡು ಮತ್ತೆ ಸುರಿದರೆ ಬಾಟಲಿಗೇ ಬೆಂಕಿ ಹತ್ತುತ್ತದೆ. ಒಲೆಯ ಮೇಲೆ ಅಂಗೈಯನ್ನು ಎತ್ತರದಲ್ಲಿ ಹಿಡಿದು ಕಾವು ನೋಡಿ, ತಣ್ಣಗಾಗುವವರೆಗೆ ಕಾದು, ಆಮೇಲಷ್ಟೇ ಸುರಿಯಬೇಕು. ಆರಿಸಲು ಬೋರಲು ಹಾಕುವಂಥ ಒಂದು ಡಬ್ಬಿ ಕೈಗೆಟುಕುವಂತೆ ಇರಬೇಕು.

ಕಾಡಿನಲ್ಲಿ ಈ ಎರಡರಲ್ಲಿ ಯಾವುದನ್ನೂ ನಾನು ಹಚ್ಚುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ನಿಷೇಧಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ಹಚ್ಚುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಕುದುರೆಮುಖದ, ಪುಷ್ಪಗಿರಿಯ ಹುಲ್ಲುಗಾವಲು ಹೇಗೆ ಒಣಗಿರುತ್ತದೆ ಎಂದು ಕಂಡವರಿಗೆ ಒಂದು ಕಿಡಿಯ ಅರ್ಥ ಗೊತ್ತು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನಾವು ಮರೆಯಬಾರದು. ‘ಸಣ್ಣ ಒಲೆ ತಾನೇ’ ಎಂಬ ಮಾತು ಚಾರಣಿಗರ ಬಾಯಲ್ಲಿ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಡವಿದ ಒಂದು ಸ್ಪಿರಿಟ್ ಒಲೆ ಇಡೀ ಇಳಿಜಾರಿಗೆ ಬೆಂಕಿ ಚೆಲ್ಲಬಲ್ಲದು. ಬೆಟ್ಟಕ್ಕೆ ಹೋಗುವಾಗ ಚಪಾತಿ, ಹುರಿಹಿಟ್ಟು, ಬೆಲ್ಲ, ಮೊಸರಲ್ಲಿ ನೆನೆಸಿದ ಅವಲಕ್ಕಿ ಒಯ್ಯುತ್ತೇನೆ. ಹೊಲ, ತೋಟದಲ್ಲೂ ಒಣ ಹುಲ್ಲನ್ನು ಒಂದು ಮಾರು ಗುಡಿಸಿ, ಕೆಳಗೆ ಸ್ಟೀಲ್ ತಟ್ಟೆಯಿಟ್ಟು, ಪಕ್ಕದಲ್ಲಿ ನೀರಿಟ್ಟುಕೊಂಡೇ ಹಚ್ಚುವುದು. ಮುಗಿದ ಮೇಲೆ ಇದ್ದಿಲಿಗೆ ನೀರು ಸುರಿದು, ಕೈಯಿಂದ ಮುಟ್ಟಿ ನೋಡುತ್ತೇನೆ.

ಸ್ಪಿರಿಟ್ ಕೊಳ್ಳುವುದರ ಬಗ್ಗೆ ಒಂದಿಷ್ಟು. ಪೀಠೋಪಕರಣಕ್ಕೆ ಪಾಲಿಶ್ ಹಾಕುವವರು ಅರಗು ಕರಗಿಸಲು ಬಳಸುವ ಸ್ಪಿರಿಟ್ ಬಣ್ಣದಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಬಿಟ್ಟು ಥಿನ್ನರ್ ಅಥವಾ ಟರ್ಪೆಂಟೈನ್ ಕೊಟ್ಟರೆ ಬೇಡವೆನ್ನಬೇಕು, ಅವು ಈ ಒಲೆಗೆ ಅಪಾಯಕಾರಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಆದರೆ ಚೀಟಿ ಓದಬೇಕು. ಐಸೋಪ್ರೊಪೈಲ್ ಎಂದಿದ್ದರೆ ಹಳದಿ ಜ್ವಾಲೆ, ಪಾತ್ರೆ ತುಂಬ ಮಸಿ. ಪಾಲಿಶ್ ಸ್ಪಿರಿಟ್ಟಿಗೆ ಮೆಥನಾಲ್ ಬೆರೆಸಿರುವ ಸಾಧ್ಯತೆಯಿದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರರಷ್ಟು ಜನ ಸತ್ತದ್ದು ಮೆಥನಾಲಿನಿಂದಲೇ. ನನ್ನ ಇಂಧನದ ಬಾಟಲಿಗೆ ಕೆಂಪು ಟೇಪು ಸುತ್ತಿ ‘ವಿಷ’ ಎಂದು ಬರೆದಿರುತ್ತೇನೆ, ನೀರಿನ ಬಾಟಲಿಯ ಆಕಾರದ್ದನ್ನು ಬಳಸುವುದೇ ಇಲ್ಲ. ರೈಲಿನಲ್ಲಿ, ವಿಮಾನದಲ್ಲಿ ಇದನ್ನು ಒಯ್ಯುವಂತಿಲ್ಲ. ಹಾಗಾಗಿ ಮನೆಯಿಂದ ಖಾಲಿ ಬಾಟಲಿ ಹೊರಡುತ್ತದೆ, ಸೈಕಲ್ ಇಳಿಸಿದ ಊರಿನ ಬಣ್ಣದಂಗಡಿಯಲ್ಲಿ ತುಂಬಿಸಿಕೊಳ್ಳುತ್ತೇನೆ. ಅಂದು ಭಾನುವಾರವಾಗಿ ಅಂಗಡಿ ಮುಚ್ಚಿದ್ದರೆ, ಸಂಜೆ ಉಳಿದ ತೊಗರಿ ಕಟ್ಟಿಗೆಯನ್ನು ಇಬ್ಬನಿ ತಾಗದಂತೆ ಡೇರೆಯೊಳಗೆ ಇಟ್ಟುಕೊಂಡು ಬೆಳಗಿನ ಚಹಾವನ್ನೂ ಅದರಲ್ಲೇ ಕಾಯಿಸುತ್ತೇನೆ.