ರಾತ್ರಿ ಶೆಡ್ಡಿನಲ್ಲಿ ಕೇಳಿದ ಗೊರಗೊರ

ಕೋಳಿಗೆ ಉಸಿರಾಟದ ಕಾಯಿಲೆ ಶುರುವಾಗಿದೆಯಾ ಅಂತ ತಿಳಿಯಲು ರಾತ್ರಿ ಶೆಡ್ಡಿನ ಲೈಟ್ ಆರಿಸಿ ಐದು ನಿಮಿಷ ಸುಮ್ನೆ ನಿಂತುಕೊಳ್ಳಿ. ಕಾಯಿಲೆ ಬಂದ ಕೋಳಿಯ ಉಸಿರು ಗೊರಗೊರ ಅನ್ನುತ್ತದೆ, ಹಗಲಿನ ಗಲಾಟೆಯಲ್ಲಿ ಅದು ಕೇಳುವುದಿಲ್ಲ. ನಾನಿದನ್ನು ಕಲಿತದ್ದು ಕಾರ್ಕಳದ ಹತ್ತಿರ ನಮ್ಮದೇ ಶೆಡ್ಡಿನಲ್ಲಿ, ಆಟಿ ತಿಂಗಳ ಮಳೆಯಲ್ಲಿ, 1,000 ಬ್ರಾಯ್ಲರ್‌ಗಳಲ್ಲಿ 120 ಹೋದ ಮೇಲೆ.

ಮರಿಗಳಿಗೆ 19ನೇ ದಿನ ಆದಾಗ ಅಲ್ಲೊಂದು ಇಲ್ಲೊಂದು ಸೀನುತ್ತಿತ್ತು. ಮಳೆಗೆ ಶೀತ ಆಗಿರಬೇಕು ಅಂದುಕೊಂಡು ತಾರ್ಪಾಲನ್ನು ಇನ್ನೂ ಬಿಗಿಯಾಗಿ ಕಟ್ಟಿದೆ. ಅದೇ ದೊಡ್ಡ ತಪ್ಪು. ಅಂಗಡಿಯಿಂದ ಆಂಟಿಬಯಾಟಿಕ್ ತಂದು ನೀರಿಗೆ ಹಾಕಿದೆ, ಎರಡು ದಿನ ಕಡಿಮೆಯಾದ ಹಾಗೆ ಕಂಡಿತು, ಆಮೇಲೆ ದಿನಕ್ಕೆ ಹತ್ತು ಹದಿನೈದು ಸಾಯತೊಡಗಿದವು. ಇನ್ನೊಂದು ತಂದೆ. ಅದೂ ಅಷ್ಟೇ.

ಕೊನೆಗೆ ಆಗಷ್ಟೇ ಸತ್ತ ಮೂರು ಕೋಳಿಗಳನ್ನು ಐಸ್‌ನಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ದೆ. ಕೊಯ್ದು ತೋರಿಸಿದರು. ಲಿವರ್ ಮೇಲೆ, ಹೃದಯದ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಶ್ವಾಸಕೋಶಕ್ಕೆ ಸೇರಿಕೊಂಡಿರುವ, ತಿಳಿಯಾಗಿರಬೇಕಾದ ಗಾಳಿಚೀಲ ಮಬ್ಬಾಗಿ ದಪ್ಪವಾಗಿತ್ತು, ಒಳಗೆ ಗಿಣ್ಣಿನಂಥ ಹಳದಿ ಗಂಟು. "ಈ-ಕೋಲಿ ಬ್ಯಾಕ್ಟೀರಿಯಾ ಒಂದೇ ಬಂದು ಇಷ್ಟು ಮಾಡುವುದಿಲ್ಲ ಮಾರಾಯ್ರೆ, ಅದಕ್ಕೆ ಮೊದಲು ಬೇರೆ ಏನೋ ಬಂದಿದೆ" ಅಂದರು. ಲ್ಯಾಬಿನಿಂದ ಬಂದ ರಿಪೋರ್ಟಿನಲ್ಲಿ ಶ್ವಾಸನಾಳಕ್ಕೆ ಬರುವ ಬ್ರಾಂಕೈಟಿಸ್ ವೈರಸ್, ಮೈಕೋಪ್ಲಾಸ್ಮಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ, ಈ-ಕೋಲಿ ಮೂರೂ ಇದ್ದವು. ನಾನು ಕೊಟ್ಟಿದ್ದ ಎರಡು ಔಷಧಿಗೂ ಆ ಈ-ಕೋಲಿ ಬಗ್ಗುತ್ತಿರಲಿಲ್ಲ.

ಕೋಳಿಯ ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಧೂಳನ್ನೂ ರೋಗಾಣುವನ್ನೂ ಗುಡಿಸಿ ಹೊರಗೆ ಹಾಕುವುದು ಅವೇ. ವೈರಸ್ ಅವನ್ನು ಕೆಡಿಸುತ್ತದೆ, ಶೆಡ್ಡಿನ ನೆಲಕ್ಕೆ ಹಾಸಿದ ಹುಡಿ ಒದ್ದೆಯಾದಾಗ ಅದರಿಂದ ಏಳುವ ಅಮೋನಿಯಾ ಗ್ಯಾಸ್ ಕೂಡ ಅದನ್ನೇ ಮಾಡುತ್ತದೆ. ಆಮೇಲೆ ಹುಡಿಯಲ್ಲಿ ಯಾವಾಗಲೂ ಇರುವ ಈ-ಕೋಲಿ ಧೂಳಿನ ಜೊತೆ ಸೀದಾ ಗಾಳಿಚೀಲಕ್ಕೆ ಇಳಿಯುತ್ತದೆ. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ನಾನಂತೂ ಶೆಡ್ ಮುಚ್ಚಿ ಗ್ಯಾಸನ್ನು ಒಳಗೇ ಕೂಡಿಟ್ಟಿದ್ದೆ. ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿದಾಗ ನನ್ನ ಕಣ್ಣೇ ಉರಿಯಿತು. ಅವು ಹಗಲು ರಾತ್ರಿ ಅದರಲ್ಲೇ ಇದ್ದವಲ್ಲ ಅಂತ ತುಂಬ ಬೇಜಾರಾಯಿತು.

ಅದೇ ಸಂಜೆ ತಾರ್ಪಾಲಿನ ಮೇಲ್ಭಾಗ ಬಿಚ್ಚಿದೆ. ಕೆಳಗೆ ಮುಚ್ಚಿರಬೇಕು, ಮೇಲೆ ತೆರೆದಿರಬೇಕು, ಆಗ ಮರಿಗೆ ಮಳೆಯ ಎರಚಲು ತಾಗುವುದಿಲ್ಲ, ಗ್ಯಾಸ್ ಹೊರಗೆ ಹೋಗುತ್ತದೆ. ನೀರಿನ ಡ್ರಿಂಕರ್ ಸುತ್ತಲಿನ ಒದ್ದೆ ಹುಡಿ ತೆಗೆದು ಒಣ ಉಮಿ ಹಾಕಿದೆ. ಒದ್ದೆ ಹುಡಿಗೆ ಸುಣ್ಣ ಎರಚಬೇಡಿ, ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ವೈದ್ಯರು ಟಿಯಾಮುಲಿನ್ ಅನ್ನುವ ಆಂಟಿಬಯಾಟಿಕ್ ಬರೆಯುವ ಮೊದಲು ಫೀಡ್ ಚೀಲದ ಮೇಲಿನ ಲೇಬಲ್ ಕೇಳಿದರು. ಫೀಡಿನಲ್ಲಿ ಕರುಳಿನ ಕಾಕ್ಸಿಡಿಯೋಸಿಸ್ ರೋಗ ತಡೆಯಲು ಬೆರೆಸುವ ಸಲಿನೋಮೈಸಿನ್ ಇತ್ತು, ಎರಡೂ ಸೇರಿದರೆ ಕೋಳಿಗೆ ವಿಷ. ಹಾಗಾಗಿ ರಿಪೋರ್ಟ್ ನೋಡಿ ಬೇರೆ ಔಷಧಿ ಕೊಟ್ಟರು, ಅದು ಮುಗಿದ ಮೇಲೆ ಎಷ್ಟು ದಿನ ಮಾರಬಾರದು ಅಂತಲೂ ಬರೆದುಕೊಟ್ಟರು.

ಇನ್ನೊಂದು ತಪ್ಪೂ ಸಿಕ್ಕಿತು. ರಾಣಿಖೇತ್ ರೋಗಕ್ಕೆ ಕೊಡುವ ಲಸೋಟಾ ಲಸಿಕೆಯನ್ನು ಬ್ಲೀಚಿಂಗ್ ಪೌಡರ್ ಹಾಕಿದ ಬಾವಿ ನೀರಿನಲ್ಲೇ ಕಲಸಿದ್ದೆ. ಕ್ಲೋರಿನ್ ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಈಗ ಬ್ಲೀಚಿಂಗ್ ಹಾಕದ ನೀರಿಗೆ ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಎರಡು ಗಂಟೆಯೊಳಗೆ ಎಲ್ಲ ಕುಡಿದು ಮುಗಿಸುವಷ್ಟೇ ಕೊಡುತ್ತೇನೆ. ಸೀನುತ್ತಿರುವ ಬ್ಯಾಚಿಗೆ ವೈದ್ಯರನ್ನು ಕೇಳದೆ ಲಸಿಕೆ ಹಾಕುವುದಿಲ್ಲ.

ಈಗ ಪ್ರತಿ ಬ್ಯಾಚಿಗೂ ಹತ್ತನೇ ದಿನದಿಂದ ರಾತ್ರಿ ಊಟ ಆದ ಮೇಲೆ ಶೆಡ್ಡಿಗೆ ಹೋಗುತ್ತೇನೆ. ಮುಂದಿನ ಮಳೆಗಾಲದಲ್ಲಿ 22ನೇ ದಿನ ಮತ್ತೆ ಅದೇ ಸದ್ದು ಕೇಳಿತು. ಆ ರಾತ್ರಿಯೇ ಮೇಲಿನ ತಾರ್ಪಾಲು ಬಿಚ್ಚಿ, ಬೆಳಿಗ್ಗೆ ಎರಡು ಕೋಳಿಗಳನ್ನು ವೈದ್ಯರಿಗೆ ತೋರಿಸಿದೆ. ಆ ಸಲ ಹೋದದ್ದು 14.