ಶೋರ್‌ಹ್ಯಾಮ್ ಬಂದರಿನೊಳಗಿನ ಕಡಲ ದಾರಿ: ಸೈಕಲ್ಲಿಗರಿಗೂ ನಡೆಯುವವರಿಗೂ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್‌ನಿಂದ ಕಡಲಂಚು ಹಿಡಿದು ಪಶ್ಚಿಮಕ್ಕೆ ಹೊರಟರೆ, ಹೋವ್ ಮುಗಿಯುತ್ತಿದ್ದಂತೆ ದಾರಿ ಶೋರ್‌ಹ್ಯಾಮ್ ಬಂದರಿನೊಳಕ್ಕೇ ನುಗ್ಗುತ್ತದೆ. ಎಡಕ್ಕೆ ಕಡಲು. ಬಲಕ್ಕೆ ಮರ, ಜಲ್ಲಿ, ಗುಜರಿ ಕಬ್ಬಿಣದ ವಹಿವಾಟು ನಡೆಯುವ ಧಕ್ಕೆಗಳು. ನಡುವಿನ ಕಿರಿದಾದ ಪಟ್ಟಿಯಲ್ಲಿ ಬೇಸಿನ್ ರೋಡ್ ಸೌತ್. ರಾಷ್ಟ್ರೀಯ ಸೈಕಲ್ ಜಾಲದ 2ನೇ ಮಾರ್ಗ ಇದೇ.

ದೂರ ಹೆಚ್ಚಿಲ್ಲ. ಬ್ರೈಟನ್ ಪ್ಯಾಲೆಸ್ ಪಿಯರ್‌ನಿಂದ ಹೋವ್ ಲಗೂನ್‌ಗೆ ಸುಮಾರು 4 ಕಿ.ಮೀ., ಅಲ್ಲಿಂದ ಬಂದರಿನ ಲಾಕ್ ಗೇಟಿಗೆ (ಹಡಗುಗಳು ದಾಟುವ ನೀರಿನ ಬಾಗಿಲು) 3, ಮತ್ತೆ ಶೋರ್‌ಹ್ಯಾಮ್ ಪೇಟೆಗೆ ಇನ್ನೊಂದು 3. ಸೈಕಲ್ಲಿನಲ್ಲಿ ಒಂದು ಗಂಟೆ, ನಡೆದರೆ ಎರಡೂವರೆಯಿಂದ ಮೂರು. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಇದನ್ನು ಉಲ್ಟಾ ಮಾಡಿಕೊಂಡವರು ಕೊನೆಯ ಗಂಟೆಯಲ್ಲಿ ಸುಸ್ತಾಗುತ್ತಾರೆ.

ನಕ್ಷೆಗಿಂತ ಮೊದಲು ನೋಡಬೇಕಾದ್ದು ಉಬ್ಬರ ಇಳಿತದ ಪಟ್ಟಿ. ಅದಕ್ಕೆ ಎರಡು ಕಾರಣ. ದೊಡ್ಡ ಹಡಗುಗಳು ಒಳಬರುವುದು, ಹೊರಹೋಗುವುದು ನೀರು ಏರಿದ ಹೊತ್ತಿನಲ್ಲಿ. ಆಗ ಲಾಕ್ ಗೇಟ್ ತೆರೆಯುತ್ತದೆ, ಅದರ ಮೇಲೆಯೇ ಹಾದುಹೋಗುವ ನಿಮ್ಮ ದಾರಿ ಮುಚ್ಚುತ್ತದೆ. ಬಿರುಗಾಳಿಯ ದಿನ ತೆರೆಗಳು ಗೋಡೆ ಹಾರಿ ಕಲ್ಲನ್ನು ರಸ್ತೆಗೆ ಎಸೆಯುವುದೂ ಅದೇ ಹೊತ್ತಿನಲ್ಲಿ. ಇಲ್ಲಿನ ಏರಿಳಿತ ನಮ್ಮ ಕರಾವಳಿಯವರಿಗೆ ನಂಬಲಾಗದಷ್ಟು ದೊಡ್ಡದು: ಹುಣ್ಣಿಮೆ, ಅಮಾವಾಸ್ಯೆಯ ಸುತ್ತ 6 ಮೀಟರಿಗೆ ಹತ್ತಿರ, ಅಷ್ಟಮಿಯ ಸುತ್ತ ಅದರ ಅರ್ಧ.

ಪಟ್ಟಿ ಕೈಲಿಲ್ಲವೇ? ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಶೋರ್‌ಹ್ಯಾಮ್‌ನಲ್ಲಿ ನೀರು ಪೂರ್ತಿ ಏರುವುದು ನಡುಮಧ್ಯಾಹ್ನಕ್ಕೆ (ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದನ್ನು ಸೇರಿಸಿಕೊಳ್ಳಿ). ಅಷ್ಟಮಿಯ ಸುಮಾರಿಗೆ ಮಧ್ಯಾಹ್ನ ಇಳಿತ. ಮಧ್ಯಾಹ್ನದ ಸವಾರಿಗೆ ಅಷ್ಟಮಿಯ ವಾರ ಒಳ್ಳೆಯದು. ಹಡಗು ನೋಡುವುದೇ ಆಸೆಯಾದರೆ ಹುಣ್ಣಿಮೆಯ ಮಧ್ಯಾಹ್ನ ಹೋಗಿ, ಕಾಯುವ ತಾಳ್ಮೆಯಿರಲಿ.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ಕೊಠಡಿ. ಹೊರಗೆ ಕಡಲು ಏರಿಳಿದರೂ 1855ರಲ್ಲಿ ತೆರೆದ ಒಳಗಾಲುವೆಯ ನೀರಿನ ಮಟ್ಟ ನಿಲ್ಲುವುದು ಇದರಿಂದಲೇ. ಇಲ್ಲಿ ಲಾಕ್ ಎರಡಿವೆ, 1933ರ ಚಿಕ್ಕದು ಮತ್ತು 1958ರ ದೊಡ್ಡದು. ಸಾರ್ವಜನಿಕ ದಾರಿ ಎರಡನ್ನೂ ದಾಟಿ ಸಾಗುತ್ತದೆ. ಇಲ್ಲಿ ಸೈಕಲ್ ಇಳಿದು ತಳ್ಳಲೇಬೇಕು. ಗೇಟಿನ ಮೇಲಿನ ಹಾದಿ ಇಕ್ಕಟ್ಟು, ಎರಡೂ ಬದಿ ಕಂಬಿ. ಪೆಡಲ್ ಸಿಕ್ಕಿಕೊಳ್ಳದಂತೆ ಸೈಕಲ್ಲನ್ನು ಮುಂದೆ ಬಿಟ್ಟು ಹಿಂದಿನಿಂದ ನಡೆಯಿರಿ. ಎರಡೂ ಬದಿ ದಪ್ಪ ಬ್ಯಾಗ್ ತೂಗುಹಾಕಿದ್ದರೆ ಒಂದನ್ನು ಬಿಚ್ಚಿ ಹೆಗಲಿಗೇರಿಸಿ. ಮೂರು ಚಕ್ರದ ಸರಕು ಸೈಕಲ್ ತಂದು ಇಲ್ಲಿ ಪೇಚಾಡಬೇಡಿ. ದೀಪ, ಗಂಟೆ ಮೊಳಗಿತೆಂದರೆ ಓಡಿ ದಾಟುವ ಯೋಚನೆಯೇ ಬೇಡ.

ಬೇಸಿನ್ ರೋಡ್ ಸೌತ್‌ನಲ್ಲಿ ಅಪಾಯ ಲಾರಿಗಳದು. ಚಾಲನೆ ನಮ್ಮಂತೆ ಎಡಬದಿ, ಚಾಲಕ ಕೂರುವುದು ಬಲಕ್ಕೆ. ಹಾಗಾಗಿ ಲಾರಿಯ ಎಡ ಪಕ್ಕ ಅವನಿಗೆ ಕಾಣುವುದು ತೀರಾ ಕಡಿಮೆ. ಧಕ್ಕೆಯ ಗೇಟಿನ ಬಳಿ ನಿಧಾನಿಸಿದ ಲಾರಿಯನ್ನು ಎಡದಿಂದ ದಾಟಬೇಡಿ, ಹಿಂದೆ ನಿಲ್ಲಿ. ಭಾನುವಾರ ಓಡಾಟ ಕಡಿಮೆ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನಿನ ಪ್ರಕಾರ ಕಡ್ಡಾಯ. ಬೇಲಿಯಾಚೆಯ ಧಕ್ಕೆಗೆ ಫೋಟೊ ಆಸೆಗೂ ಕಾಲಿಡಬೇಡಿ.

ಟೈರು ಪಂಕ್ಚರ್ ಆಗುವುದಕ್ಕೆ ಮುಖ್ಯ ಕಾರಣ ಚಕಮಕಿ ಕಲ್ಲು. ಈ ಕಡಲದಂಡೆಯಲ್ಲಿ ಮರಳಿಗಿಂತ ಅದೇ ಹೆಚ್ಚು. ಒಡೆದ ಚೂರು ಬ್ಲೇಡಿನಷ್ಟು ಹರಿತ, ಒದ್ದೆಯಾದರೆ ರಬ್ಬರಿನೊಳಕ್ಕೆ ಇನ್ನೂ ಸಲೀಸಾಗಿ ಇಳಿಯುತ್ತದೆ. 32ರಿಂದ 40 ಮಿ.ಮೀ. ಅಗಲದ ಟೈರು ಹಾಕಿ. ಎರಡು ಟ್ಯೂಬ್, ಎರಡು ಟೈರ್ ಲಿವರ್, ಪಂಪು, ಟೈರಿನ ಸೀಳಿಗೆ ಒಳಗಿನಿಂದ ಇಡಲು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತುಂಡು ಜೊತೆಗಿರಲಿ. ಹೊಸ ಟ್ಯೂಬ್ ತುರುಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಚೂರು ಅಲ್ಲೇ ಉಳಿದಿದ್ದರೆ ಐದೇ ನಿಮಿಷದಲ್ಲಿ ಎರಡನೆಯದೂ ಹೋಯಿತು.

ಲಾಕ್ ದಾಟಿದ ಮೇಲೆ ಎ259 ಹೆದ್ದಾರಿ. ಈ ದಾರಿಯ ಅತಿ ಬೇಸರದ ಭಾಗ ಇದೇ. ಮಕ್ಕಳು ಜೊತೆಗಿದ್ದರೆ ಇಲ್ಲೇ ಮುಗಿಸಿ, ಸೌತ್‌ವಿಕ್ ರೈಲು ನಿಲ್ದಾಣ ನಾಲ್ಕು ಹೆಜ್ಜೆ ದೂರದಲ್ಲಿದೆ. ಆದರೆ ಜನದಟ್ಟಣೆಯ ಹೊತ್ತಿನಲ್ಲಿ ಮಡಿಸಲಾಗದ ಸೈಕಲ್ಲಿಗೆ ರೈಲಿನಲ್ಲಿ ಜಾಗ ಸಿಗದಿರಬಹುದು. ಮುಂದುವರಿದರೆ ಶೋರ್‌ಹ್ಯಾಮ್‌ನಲ್ಲಿ 2013ರಲ್ಲಿ ತೆರೆದ ಅಡೂರ್ ಫೆರಿ ಸೇತುವೆ ಸಿಗುತ್ತದೆ. ಅದು ಸೈಕಲ್ಲಿಗರಿಗೂ ನಡೆಯುವವರಿಗೂ ಮಾತ್ರ ಮೀಸಲು.

ಮನೆಗೆ ಬಂದ ದಿನವೇ ಸೈಕಲ್ಲಿಗೆ ಸಿಹಿನೀರು ಹಾಕಿ. ಜೋರಾಗಿ ಚಿಮ್ಮಿಸಬೇಡಿ, ಬೇರಿಂಗಿನೊಳಕ್ಕೆ ಉಪ್ಪುನೀರು ಹೊಕ್ಕೀತು. ಒರೆಸಿ, ಒಣಗಿಸಿ, ಚೈನಿನ ಪ್ರತಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲ್ಮೈಯದನ್ನು ಒರೆಸಿಬಿಡಿ.